ನಿಂಬೆಹಣ್ಣು ತಿಂದ ಬಣ್ಣ

ಮುಲುಂಡಿಗೆ ಬಂದು ಮೂವತ್ತಕ್ಕೂ ಹೆಚ್ಚು ಮಳೆಗಾಲ ಕಳೆದವು. ಇಲ್ಲಿನ ಮಳೆ ಯಾವ ಕಬ್ಬಿಣವನ್ನೂ ಸುಮ್ಮನೆ ಬಿಡುವುದಿಲ್ಲ. ಕಿಟಕಿಯ ಗ್ರಿಲ್, ಸ್ಕೂಟರಿನ ಸೈಲೆನ್ಸರ್, ಹೊಲಿಗೆ ಯಂತ್ರದ ಕಾಲು... ಜೂನಿನಲ್ಲಿ ಹಿಡಿದ ತುಕ್ಕು ದಸರೆಯ ಹೊತ್ತಿಗೆ ಕಣ್ಣಿಗೆ ಬೀಳುತ್ತದೆ. ಆದರೆ ಮೊನ್ನೆ ಒಂದು ರಿವಾಲ್ವರಿನ ತುಕ್ಕು ನೋಡುವ ಪ್ರಸಂಗ ಬಂದೀತೆಂದು ನಾನು ಎಣಿಸಿರಲಿಲ್ಲ.

ನಮ್ಮ ಸ್ಟೇಷನ್ ಕಡೆ ಚಿನ್ನದಂಗಡಿ ಇಟ್ಟಿರುವ ಗುಜರಾತಿ ಸ್ನೇಹಿತರು ಕರೆದರು. "ಅಣ್ಣಾ, ನೀವು ಎಲ್.ಬಿ.ಎಸ್. ರೋಡಿನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಮಾಡಿದವರು. ಇದನ್ನೊಮ್ಮೆ ನೋಡಿ" ಎಂದರು. ಗುಂಡು ತೆಗೆದು ಬೇರೆ ಇಟ್ಟು, ತಾವೇ ಕೈಯಲ್ಲಿ ಹಿಡಿದು ತೋರಿಸಿದರು. ಲೈಸೆನ್ಸ್ ಅವರದು, ನಾನು ಮುಟ್ಟಲಿಲ್ಲ. ಅವರು ಹಳೆಯದನ್ನೇ ಕೊಂಡದ್ದು, ಕಡಿಮೆ ಬೆಲೆಗೆ. ನಳಿಗೆಯ ತುದಿಯಲ್ಲಿ, ಸಿಲಿಂಡರಿನ ಅಂಚಿನಲ್ಲಿ ಕಪ್ಪು ಬಣ್ಣ ಹೋಗಿ ಬಿಳಿ ಉಕ್ಕು ಕಾಣುತ್ತಿತ್ತು. ಹಿಡಿಕೆಯ ಹತ್ತಿರ ಒಂದು ತುಕ್ಕಿನ ಮಚ್ಚೆ. "ಮೋಸ ಹೋದೆ, ಕಳಪೆ ಮಾಲು" ಎನ್ನುವುದು ಅವರ ಸಂಕಟ.

ಬಣ್ಣ ಹೋದ ಮಾತ್ರಕ್ಕೆ ಮಾಲು ಕಳಪೆಯೇ? ನನ್ನ ಪ್ರಕಾರ ಅಲ್ಲ. ಅದು ಬಣ್ಣವೂ ಅಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳನ್ನು ಸುಮಾರು 140 ಡಿಗ್ರಿಯಲ್ಲಿ ಕುದಿಸಿ, ಉಕ್ಕನ್ನು ಅದರಲ್ಲಿ ಮುಳುಗಿಸಿ ತೆಗೆದರೆ ಮೇಲ್ಮೈಯಲ್ಲಿ ಕಪ್ಪು ಆಕ್ಸೈಡಿನ ಪದರ ಬರುತ್ತದೆ. ಬ್ಲೂಯಿಂಗ್ ಎನ್ನುವುದು ಇದನ್ನೇ. ಅದರ ದಪ್ಪ ಸುಮಾರು ಒಂದು ಮೈಕ್ರಾನ್, ನಮ್ಮ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ಆ ಪದರ ತಾನಾಗಿ ತುಕ್ಕು ತಡೆಯುವುದು ಅಲ್ಪವೇ. ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಮುಖ್ಯ ಕೆಲಸ. ಚರ್ಮದ ಚೀಲದೊಳಗೆ ದಿನಾ ಹಾಕಿ ತೆಗೆದರೆ ಅಂಚು ಸವೆಯಲೇಬೇಕು. ಮಳೆಗಾಲದಲ್ಲಿ ಅದೇ ಚರ್ಮ ತೇವ ಹಿಡಿದು ಕೂರುತ್ತದೆ. ಅದರೊಳಗೆ ತಿಂಗಳುಗಟ್ಟಲೆ ಬಿಟ್ಟರೆ ಎಂಥ ದುಬಾರಿ ವಿದೇಶಿ ಮಾಲಾದರೂ ತುಕ್ಕು ಹಿಡಿಯುತ್ತದೆ.

ಮಚ್ಚೆಯ ಕಥೆ ಇನ್ನೂ ಸ್ವಾರಸ್ಯದ್ದು. ದಸರೆಯ ಪೂಜೆಯಲ್ಲಿ ಅರಿಶಿನ ಕುಂಕುಮ ಹಚ್ಚಿ, ಅದರ ಮೇಲೆ ಅರ್ಧ ನಿಂಬೆಹಣ್ಣು ಇಟ್ಟಿದ್ದರಂತೆ! ನಿಂಬೆಯ ಹುಳಿ ಆ ಪದರವನ್ನು ತಿಂದುಬಿಡುತ್ತದೆ. ಲಾರಿಯ ಚಕ್ರದಡಿ ಇಟ್ಟ ಹಾಗೆ ಇದಕ್ಕೂ ಇಟ್ಟರೆ ಹೇಗೆ? ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಶುಚಿ ಮಾಡಿ, ತೋಕ್‌ಪೂ ಏರಿಸಿ ಪೂಜಿಸುತ್ತಾರೆ. ಅಲ್ಲಿ ಶುಚಿ ಮಾಡುವುದೂ ಹಬ್ಬದ ಭಾಗ. ನಾವು ಪೇಟೆಯವರು ಕುಂಕುಮ ಇಟ್ಟುಕೊಂಡೆವು, ಎಣ್ಣೆ ಮರೆತೆವು.

ಹಾಗಾದರೆ ನನಗೆ ಭಯ ಹುಟ್ಟಿಸಿದ್ದು ಯಾವುದು? ಅವರು ಬೆರಳಿಟ್ಟು ತೋರಿಸದೇ ಇದ್ದದ್ದು. ಅದು ನಡು ಮುರಿದು ತೆರೆಯುವ ಮಾದರಿ. ನಳಿಗೆ, ಸಿಲಿಂಡರ್ ಎರಡೂ ಒಂದು ಹಿಂಜಿನ ಮೇಲೆ ಮುಂದಕ್ಕೆ ಬಾಗುತ್ತವೆ. ಮೇಲಿನ ಒಂದು ಕೊಂಡಿ ಅವನ್ನು ಬಿಗಿಯಾಗಿ ಹಿಡಿದಿರಬೇಕು. ಮುಚ್ಚಿದ ಮೇಲೂ ಅದು ಟಕ್ ಟಕ್ ಎಂದು ಅಲುಗಾಡುತ್ತಿತ್ತು. ಸಿಲಿಂಡರಿನ ರಂಧ್ರ ನಳಿಗೆಗೆ ನೇರ ಕೂರದಿದ್ದರೆ ಗುಂಡಿನ ಸೀಸ ಕೆತ್ತಿಹೋಗಿ ಪಕ್ಕಕ್ಕೆ ಸಿಡಿಯುತ್ತದೆ, ಪಕ್ಕದಲ್ಲಿ ನಿಂತವರ ಮುಖಕ್ಕೂ ತಾಗಬಹುದು. ನನ್ನ ಹಳೆಯ ಸೂಪರ್‌ವೈಸರ್ ಹೇಳುತ್ತಿದ್ದರು, "ಬಣ್ಣ ನೋಡಿ ಪಾಸ್ ಮಾಡಬೇಡ, ಅಲುಗಾಡಿಸಿ ನೋಡು" ಅಂತ. ಸವೆದ ಬಣ್ಣ ಬಳಕೆಯ ಗುರುತು. ಸಡಿಲ ಕೊಂಡಿ ಅಪಾಯದ ಗುರುತು. ಇನ್ನೊಬ್ಬರಿಗೆ ಹೊಸ ಬ್ಲೂಯಿಂಗ್ ಮಾಡಿ ಮಿಂಚಿಸಿ ಮಾರಿದರೆ ಆ ಅಪಾಯ ಕಾಣುವುದೂ ಇಲ್ಲ!

ತಪ್ಪೆಲ್ಲ ಕೊಂಡವರದೇ ಎಂದೂ ನಾನು ಹೇಳಲಾರೆ. ನಮ್ಮ ದೇಶದಲ್ಲಿ ‘ಅಗ್ಗದ ರಿವಾಲ್ವರ್’ ಎಂಬ ಮಾತೇ ತಮಾಷೆ. 1980ರ ದಶಕದ ಮಧ್ಯದಿಂದ ಸಾಮಾನ್ಯರಿಗೆ ವಿದೇಶಿ ಆಮದು ಮುಚ್ಚಿತು. ಬಹಳ ಕಾಲ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳ ಮಾಲೇ ಗತಿ. 2014ರಲ್ಲಿ ಮಹಿಳೆಯರಿಗೆಂದು ಕಾನ್ಪುರದಿಂದ ಬಂದ ‘ನಿರ್ಭೀಕ್’, ಅರ್ಧ ಕಿಲೋ ತೂಕದ್ದು, ಲಕ್ಷ ರೂಪಾಯಿ ದಾಟಿತ್ತು. 2021ರಲ್ಲಿ ಆರ್ಡ್‌ನೆನ್ಸ್ ಮಂಡಳಿಯನ್ನು ಒಡೆದು ಏಳು ಕಂಪನಿ ಮಾಡಿದರು. 2023ರಲ್ಲಿ ‘ಪ್ರಬಲ್’ ಬಂತು. ಉತ್ತರ ಪ್ರದೇಶದ ಹರ್ದೋಯಿಯಲ್ಲಿ ಖಾಸಗಿಯವರೂ ವೆಬ್ಲಿ ಹೆಸರಿನಲ್ಲಿ ತಯಾರಿಸತೊಡಗಿದರು. ಒಳ್ಳೆಯದೇ. ನಾಲ್ಕು ಅಂಗಡಿ ಇದ್ದ ಬೀದಿಯಲ್ಲಿ ತಕ್ಕಡಿ ಸರಿಯಾಗಿರುತ್ತದೆ. ಆದರೆ ಲಕ್ಷ ಕೊಡುವ ಗಿರಾಕಿ ಕೇಳಬೇಕಾದದ್ದು ಹೊಳಪಿನ ಬಗ್ಗೆ ಅಲ್ಲ. ಕೊಂಡಿ ಸಡಿಲಾದರೆ ಯಾರು ಸರಿಮಾಡುತ್ತಾರೆ, ಎಷ್ಟು ದಿನದಲ್ಲಿ, ಬಿಡಿಭಾಗ ಸಿಗುತ್ತದೆಯೇ? ಮಿಕ್ಸಿಗೆ ಕೇಳುವ ಪ್ರಶ್ನೆಯನ್ನು ಇದಕ್ಕೆ ಕೇಳಲು ನಮಗೇಕೆ ಸಂಕೋಚ?

ಸ್ನೇಹಿತರಿಗೆ ಎರಡೇ ಮಾತು ಹೇಳಿದೆ. ಲೈಸೆನ್ಸ್ ಇರುವ ರಿಪೇರಿಯವರು ಪರೀಕ್ಷಿಸಿ ಒಪ್ಪುವ ತನಕ ಅದಕ್ಕೆ ಗುಂಡು ತುಂಬಬೇಡಿ. ಮಾರುವುದಂತೂ ಬೇಡವೇ ಬೇಡ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಷ್ಟು ವರ್ಷ ಇದನ್ನು ನಂಬಿಕೊಂಡೇ ರಾತ್ರಿ ಅಂಗಡಿ ಮುಚ್ಚಿ ಮನೆಗೆ ನಡೆದು ಹೋಗುತ್ತಿದ್ದೆ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಮುಂದಿನ ದಸರೆಗೆ ನಿಂಬೆಹಣ್ಣನ್ನು ಪಾನಕಕ್ಕೆ ಇಟ್ಟುಕೊಳ್ಳಲಿ. ಆಯುಧಕ್ಕೆ ಒಂದು ತೊಟ್ಟು ಎಣ್ಣೆ ಸಾಕು. ಏನಂತೀರಿ?