ಬೊರ್ರಾ ಗುಹೆಯನ್ನು ‘ಕಂಡುಹಿಡಿದವರು’ ಯಾರು?

ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಹೋಗುವ ದಾರಿಯಲ್ಲಿ, ಅನಂತಗಿರಿ ಬೆಟ್ಟಗಳ ನಡುವೆ ಇರುವ ಬೊರ್ರಾ ಗುಹೆಗಳ ಬಗ್ಗೆ ಬರೆದ ಪ್ರವಾಸ ಪುಸ್ತಿಕೆಗಳಲ್ಲಿ ಒಂದು ವಾಕ್ಯ ತಪ್ಪದೆ ಕಾಣಿಸಿಕೊಳ್ಳುತ್ತದೆ. 1807ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ವಿಲಿಯಂ ಕಿಂಗ್ ಈ ಗುಹೆಗಳನ್ನು ಕಂಡುಹಿಡಿದನಂತೆ. ಪತ್ರಿಕೆಗಳು ಇದನ್ನು ನಕಲು ಮಾಡುತ್ತವೆ, ಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ನಮ್ಮ ಸಂಘದ ಪ್ರವಾಸದ ಸುತ್ತೋಲೆಯೂ ಇದಕ್ಕೆ ಹೊರತಾಗಿರಲಿಲ್ಲ. ಈ ವಾಕ್ಯವನ್ನು ಇನ್ನು ಮುಂದೆ ಅಚ್ಚು ಹಾಕಬಾರದು ಎಂಬುದು ನಮ್ಮ ವಾದ. ಅದು ಸುಳ್ಳು ಎಂಬುದು ಒಂದು ಕಾರಣ. ಅದು ನಿರಪಾಯಕಾರಿಯಾದ ಸುಳ್ಳಲ್ಲ ಎಂಬುದು ಇನ್ನೂ ದೊಡ್ಡ ಕಾರಣ.

ಮೊದಲು ಲೆಕ್ಕ ನೋಡೋಣ. ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಸ್ಥಾಪನೆಯಾದದ್ದು 1851ರಲ್ಲಿ. 1807ರಲ್ಲಿ ಇಲಾಖೆಯೇ ಇಲ್ಲ. ಇಲ್ಲದ ಇಲಾಖೆಗೆ ನೌಕರ ಎಲ್ಲಿಂದ ಬಂದ? ವಿಲಿಯಂ ಕಿಂಗ್ ಎಂಬ ಭೂವಿಜ್ಞಾನಿ ಇದ್ದದ್ದು ನಿಜ. 1863ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಜೊತೆ ಮದರಾಸಿನ ಬಳಿಯ ಅತ್ತಿರಂಪಾಕ್ಕಂನಲ್ಲಿ ಆದಿಮಾನವನ ಕಲ್ಲಿನ ಆಯುಧಗಳನ್ನು ಗುರುತಿಸಿದವರು ಇವರು. ಕಡಪ, ಕರ್ನೂಲು ಶಿಲಾಸ್ತರಗಳ ಮೇಲೆ 1872ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದವರು. 1887ರಿಂದ 1894ರವರೆಗೆ ಇಲಾಖೆಯ ನಿರ್ದೇಶಕರಾಗಿದ್ದವರು. ಗೌರವಕ್ಕೆ ಪಾತ್ರರಾದ ವಿದ್ವಾಂಸರು. ಆದರೆ 1807ರಲ್ಲಿ ಅವರು ಹುಟ್ಟಿರಲಿಲ್ಲ. ಅವರಿರಲಿ, ಅವರ ತಂದೆಯೇ ಹುಟ್ಟಿರಲಿಲ್ಲ! ನಿಯಾಂಡರ್ತಲ್ ಮಾನವನಿಗೆ ಶಾಸ್ತ್ರೀಯ ನಾಮಕರಣ ಮಾಡಿ ಹೆಸರಾದ ಆ ತಂದೆ, ಹಿರಿಯ ವಿಲಿಯಂ ಕಿಂಗ್, ಜನಿಸಿದ್ದು 1809ರಲ್ಲಿ. ಅಪ್ಪ ಹುಟ್ಟುವ ಎರಡು ವರ್ಷ ಮೊದಲೇ ಮಗ ಬೆಟ್ಟ ಹತ್ತಿ ಗುಹೆ ಕಂಡುಹಿಡಿದ ಎಂಬ ಪವಾಡವನ್ನು ನಮ್ಮ ಪುರಾಣಿಕರೂ ಹೇಳಲಾರರು.

ಇಸವಿಯನ್ನು ತಿದ್ದಿದರೆ ಸಾಕಲ್ಲವೇ ಎಂದು ಕೆಲವರು ಕೇಳಬಹುದು. ಸಾಲದು. ‘ಕಂಡುಹಿಡಿದ’ ಎಂಬ ಕ್ರಿಯಾಪದವೇ ಅಲ್ಲಿ ಸಲ್ಲದು.

ಈ ಗುಹೆಯೊಳಗೆ ಆಂಧ್ರ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರಿಗೆ ಮಧ್ಯ ಹಳೆಶಿಲಾಯುಗದ ಕಲ್ಲಿನ ಉಪಕರಣಗಳು ದೊರೆತಿವೆ. ಅವುಗಳ ವಯಸ್ಸನ್ನು 30,000ದಿಂದ 50,000 ವರ್ಷ ಎಂದು ಅಂದಾಜಿಸಲಾಗಿದೆ. ಅಂದರೆ ಅಷ್ಟು ಹಿಂದೆಯೇ ಇದು ಮನುಷ್ಯರ ಮನೆ. ಸುತ್ತಲಿನ ಹಳ್ಳಿಗಳಲ್ಲಿ ಈಗಲೂ ಬಾಳುತ್ತಿರುವ ಜಾತಾಪು, ಪೋರ್ಜ, ಕೊಂಡದೊರ ಮುಂತಾದ ಗಿರಿಜನರಿಗೆ ತಮ್ಮದೇ ಆದ ಗುಹೆಯ ಕಥೆಯಿದೆ. ಗುಹೆಯ ಮೇಲೆ ಮೇಯುತ್ತಿದ್ದ ಹಸುವೊಂದು ಚಾವಣಿಯ ರಂಧ್ರದಿಂದ ಒಳಗೆ ಬಿತ್ತು. ಹುಡುಕುತ್ತ ಬಂದ ದನಗಾಹಿ ಒಳಗೆ ಲಿಂಗದ ಆಕಾರದ ಕಲ್ಲನ್ನು ಕಂಡ. ಹಸುವನ್ನು ಉಳಿಸಿದವನು ಶಿವನೇ ಎಂದು ಊರವರು ನಂಬಿ ಅಲ್ಲಿ ಗುಡಿ ಕಟ್ಟಿದರು. ಗುಹೆಯಿಂದ ಹೊರಟು ಭೀಮುನಿಪಟ್ಟಣದ ಬಳಿ ಸಮುದ್ರ ಸೇರುವ ಹೊಳೆಗೆ ಗೋಸ್ತನಿ, ಆಕಳ ಕೆಚ್ಚಲು, ಎಂಬ ಹೆಸರು. ಶಿವರಾತ್ರಿಯಂದು ಇಂದಿಗೂ ಅಲ್ಲಿ ಜನ ಸೇರುತ್ತಾರೆ. ಆ ಕಥೆಯನ್ನು ನಂಬುವುದು ಬಿಡುವುದು ಅವರವರ ಇಷ್ಟ. ಆದರೆ ಅದರಲ್ಲಿ ಚಾವಣಿಯ ರಂಧ್ರವಿದೆ, ಹೊಳೆಯಿದೆ, ಒಳಗಿನ ಕಲ್ಲಿದೆ. ಜಾಗವನ್ನು ಬಲ್ಲವರು ಕಟ್ಟಿದ ಕಥೆ ಅದು. 1807ರ ಕಥೆಯಲ್ಲಿ ಇಷ್ಟೂ ನಿಜವಿಲ್ಲ.

ನಮ್ಮ ಯಾಣವನ್ನೇ ತೆಗೆದುಕೊಳ್ಳಿ. ಅದೂ ಸುಣ್ಣದ ಕಲ್ಲಿನ ಬಂಡೆಯೇ. ಸೊಕ್ಕಿದ್ದವನು ಯಾಣಕ್ಕೆ ಹೋಗುತ್ತಾನೆ, ರೊಕ್ಕಿದ್ದವನು ಗೋಕರ್ಣಕ್ಕೆ ಹೋಗುತ್ತಾನೆ ಎಂಬ ಗಾದೆ ಕೇಳದ ಉತ್ತರ ಕನ್ನಡದವರುಂಟೇ? ನಾಳೆ ಯಾರೋ ಬಂದು, ಇಂಥ ಇಸವಿಯಲ್ಲಿ ಇಂಥ ಕಲೆಕ್ಟರು ಯಾಣವನ್ನು ಕಂಡುಹಿಡಿದ ಎಂದು ಬರೆದರೆ ಹೊರನಾಡಿನಲ್ಲಿ ಕುಳಿತ ನಾವೂ ಸುಮ್ಮನಿರುವುದಿಲ್ಲ. ಸಂಪಾದಕರಿಗೆ ಹತ್ತಾರು ಪತ್ರಗಳು ಬರುತ್ತವೆ. ಅದೇ ಮಾತನ್ನು ಬೊರ್ರಾ ಹಳ್ಳಿಯವರ ಬಗ್ಗೆ ನಾವೇ ಮುದ್ರಿಸುವಾಗ ಕೈ ತಡೆಯುವುದಿಲ್ಲವೇಕೆ?

ಇದರಿಂದ ಯಾರಿಗೇನು ನಷ್ಟ, ಬರಿಯ ಒಂದು ವಾಕ್ಯ ತಾನೆ, ಎನ್ನುವವರಿಗೆ ಈ ಗುಹೆಯ ಸುತ್ತಲೇ ನಡೆದ ಒಂದು ಮೊಕದ್ದಮೆಯನ್ನು ನೆನಪಿಸಬೇಕು. ಅನಂತಗಿರಿ ಮಂಡಲದ ಬೊರ್ರಾ ಮೀಸಲು ಅರಣ್ಯ ಮತ್ತು ಅದರ ಹಳ್ಳಿಗಳಲ್ಲಿ ಖಾಸಗಿಯವರಿಗೆ ಗಣಿ ಗುತ್ತಿಗೆ ಕೊಡಲಾಗಿತ್ತು. ಅದು ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶ. ಅಲ್ಲಿಯ ಜಮೀನು ಗಿರಿಜನರಲ್ಲದವರ ಕೈಸೇರಬಾರದೆಂಬ ಶಾಸನವೂ ಇತ್ತು. ಆದರೆ ಆ ಶಾಸನ ಸರ್ಕಾರದ ಸ್ವಂತ ಜಮೀನಿಗೆ ಅನ್ವಯಿಸುವುದಿಲ್ಲ ಎಂದು ಸರ್ಕಾರದ ವಾದ. ‘ಸಮತಾ’ ಎಂಬ ಸಂಸ್ಥೆ ಗಿರಿಜನರ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. 1997ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು: ಶಾಸನದಲ್ಲಿ ಬರುವ ‘ವ್ಯಕ್ತಿ’ ಎಂಬ ಮಾತು ಸರ್ಕಾರಕ್ಕೂ ಅನ್ವಯಿಸುತ್ತದೆ, ಆದ್ದರಿಂದ ಅನುಸೂಚಿತ ಪ್ರದೇಶದ ಸರ್ಕಾರಿ ಜಮೀನನ್ನೂ ಗಿರಿಜನರಲ್ಲದವರಿಗೆ ಗಣಿಗಾಗಿ ಕೊಡುವಂತಿಲ್ಲ. ದೇಶದ ಗಿರಿಜನರ ಹಕ್ಕಿನ ಚರ್ಚೆಯಲ್ಲೆಲ್ಲ ಇಂದಿಗೂ ಉದಾಹರಿಸಲಾಗುವ ಸಮತಾ ತೀರ್ಪು ಹುಟ್ಟಿದ್ದು ಈ ಸುಣ್ಣದ ಬೆಟ್ಟಗಳಿಂದ. ಗುಹೆಗೆ ಹೋಗಿಬಂದ ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ಪುಸ್ತಿಕೆಯ ವಾಕ್ಯದಿಂದಲೇ ಗಣಿ ಬಂತು ಎಂದು ನಾವು ಹೇಳುತ್ತಿಲ್ಲ. ಆದರೆ ಎರಡರ ಬೇರೂ ಒಂದೇ. ಯಾರೋ ಬಂದು ಕಂಡುಹಿಡಿಯುವ ತನಕ ಅಲ್ಲಿ ಯಾರೂ ಇರಲಿಲ್ಲ ಎಂದಾದರೆ, ಆ ಜಾಗ ಯಾರದೂ ಅಲ್ಲ. ಯಾರದೂ ಅಲ್ಲದ್ದನ್ನು ಯಾರಿಗೆ ಬೇಕಾದರೂ ಬರೆದುಕೊಡಬಹುದು.

ಹಾಗಿದ್ದರೆ ಪುಸ್ತಿಕೆಯಲ್ಲಿ ಬರೆಯಲು ಏನಿದೆ ಎನ್ನಬೇಡಿ. ಗುಹೆಯ ನಿಜವಾದ ಚರಿತ್ರೆಯೇ ಸಾಕಷ್ಟು ಸೊಗಸಾಗಿದೆ. ಪೂರ್ವಘಟ್ಟದ ಈ ಭಾಗದಲ್ಲಿ ಹೆಚ್ಚಾಗಿ ಕಾಣುವುದು ಖೊಂಡಲೈಟ್ ಎಂಬ ಶಿಲೆ. ಆ ಹೆಸರು ಬಂದದ್ದು ಇಲ್ಲಿಯ ಬೆಟ್ಟಗಳ ಖೋಂಡ್ ಜನರಿಂದ. (ಕಲ್ಲಿಗೆ ಗಿರಿಜನರ ಹೆಸರಿಡಲು ಭೂವಿಜ್ಞಾನಿಗಳಿಗೆ ಮನಸ್ಸು ಬಂತು, ಪ್ರವಾಸ ಪುಸ್ತಿಕೆಯವರಿಗೆ ಬರಲಿಲ್ಲ.) ಆ ಶಿಲೆಗಳ ನಡುವೆ ಸಿಕ್ಕಿಕೊಂಡ ಸುಣ್ಣದ ಕಲ್ಲನ್ನು ಕೊರೆದದ್ದು ನೀರು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿ ಸುಣ್ಣದ ಕಲ್ಲನ್ನು ಕರಗಿಸುತ್ತದೆ. ಕರಗಿದ ಸುಣ್ಣವನ್ನು ಹೊತ್ತ ಹನಿ ಗುಹೆಯ ಚಾವಣಿಗೆ ಬಂದು ನಿಂತಾಗ ಅನಿಲ ಹಾರಿಹೋಗಿ ಸುಣ್ಣ ಉಳಿಯುತ್ತದೆ. ಹನಿಯ ಮೇಲೆ ಹನಿ, ಪದರದ ಮೇಲೆ ಪದರ. ಮೇಲಿನಿಂದ ಇಳಿಯುವುದು ತೂಗುಗಲ್ಲು, ಕೆಳಗಿನಿಂದ ಏಳುವುದು ಮೊಳಕೆಗಲ್ಲು, ಎರಡೂ ಕೂಡಿದರೆ ಕಂಬ. ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಬೆಳವಣಿಗೆ. ಒಂದು ಗೇಣು ಬೆಳೆಯಬೇಕಾದರೆ ಎರಡು ಸಾವಿರ ವರ್ಷ. ಸೆಲ್ಫಿಗಾಗಿ ಅದನ್ನು ಹಿಡಿದು ಜೋತುಬೀಳುವ ನಮ್ಮ ಹುಡುಗರಿಗೆ ಈ ಲೆಕ್ಕವನ್ನು ಹೇಳಿಕೊಟ್ಟವರಿಲ್ಲ. ಕೈಯ ಜಿಡ್ಡು ಅಂಟಿದರೂ ಸಾಕು, ಹನಿ ಅಲ್ಲಿ ನಿಲ್ಲದೆ ಕಲ್ಲು ಕಪ್ಪಾಗಿ ಸಾಯುತ್ತದೆ.

ಬದಲಿಗೆ ಅಲ್ಲಿ ನಾವು ಕೇಳುವುದೇನು? ಇದು ಶಿವ ಪಾರ್ವತಿ, ಇದು ತಾಯಿ ಮಗು, ಇದು ಋಷಿಯ ಗಡ್ಡ, ಇದು ಮೊಸಳೆ. ಇದರ ಮೇಲೆ ಕೆಂಪು, ಹಸಿರು ದೀಪ. ಮದುವೆ ಮಂಟಪಕ್ಕೂ ಗುಹೆಗೂ ವ್ಯತ್ಯಾಸವಿರಬೇಡವೇ? ಎಡೆಬಿಡದೆ ಉರಿಯುವ ದೀಪದ ಬುಡದಲ್ಲಿ ಹುಟ್ಟಬಾರದ ಪಾಚಿ ಹುಟ್ಟುತ್ತದೆ. ಫ್ರಾನ್ಸಿನ ಲಾಸ್ಕೋ ಗುಹೆಯ ಚಿತ್ರಗಳನ್ನು ಜನರ ಉಸಿರೂ ದೀಪವೂ ಸೇರಿ ಕೆಡಿಸುತ್ತಿರುವುದನ್ನು ಕಂಡು 1963ರಲ್ಲೇ ಸಾರ್ವಜನಿಕರಿಗೆ ಬಾಗಿಲು ಹಾಕಿದರು. ಬೊರ್ರಾವನ್ನು ಮುಚ್ಚಿ ಎಂದು ನಾವು ಕೇಳುವುದಿಲ್ಲ. ಸುತ್ತಲಿನ ಹಳ್ಳಿಗಳ ಎಷ್ಟೋ ಕುಟುಂಬಗಳ ಅನ್ನ ಅಲ್ಲಿದೆ. ಬಣ್ಣದ ದೀಪ ತೆಗೆದು, ಬೇಕಾದಷ್ಟೇ ಬಿಳಿ ಬೆಳಕನ್ನು ನಾವು ನಡೆಯುವಾಗ ಮಾತ್ರ ಹಚ್ಚಲಿ.

ಇನ್ನು ಹಣದ ಮಾತು. ಅನುಸೂಚಿತ ಪ್ರದೇಶದಲ್ಲಿ ಗಣಿ ನಡೆಸುವುದಾದರೆ ನಿವ್ವಳ ಲಾಭದ ಕನಿಷ್ಠ ಶೇಕಡಾ 20 ಭಾಗವನ್ನು ಅಲ್ಲಿಯ ನೀರು, ಶಾಲೆ, ಆಸ್ಪತ್ರೆ, ರಸ್ತೆಗಳಿಗಾಗಿ ಶಾಶ್ವತ ನಿಧಿಯಾಗಿ ತೆಗೆದಿಡಬೇಕೆಂದು ಸಮತಾ ತೀರ್ಪು ಹೇಳಿದೆ. ಕಲ್ಲು ಒಡೆದು ಮಾರುವವನಿಗೆ ಈ ನಿಯಮವಾದರೆ, ಅದೇ ಕಲ್ಲನ್ನು ಒಡೆಯದೆ ತೋರಿಸಿ ಟಿಕೆಟು ಮಾರುವವರಿಗೆ ಅಷ್ಟಾದರೂ ಬೇಡವೇ? ಅಷ್ಟು ಪಾಲು ಊರಿಗೆ ಸಲ್ಲುತ್ತದೆಂದು ಟಿಕೆಟಿನ ಮೇಲೆಯೇ ಮುದ್ರಿಸಲಿ. ಅದಕ್ಕಾಗಿ ಟಿಕೆಟಿನ ದರ ಹತ್ತು ರೂಪಾಯಿ ಏರಿದರೂ ಗೊಣಗುವ ಹಕ್ಕು ನಮಗಿಲ್ಲ. ಅರಕುವಿನ ಒಂದು ಲೋಟ ಕಾಫಿಗೆ ನಾವು ಅದಕ್ಕಿಂತ ಹೆಚ್ಚು ಕೊಡುತ್ತೇವೆ.

ಪ್ರವಾಸ ಸಮಿತಿಯವರಲ್ಲಿ ನಮ್ಮ ಕೋರಿಕೆ ಇಷ್ಟೆ. ವಿಲಿಯಂ ಕಿಂಗ್ ಅವರನ್ನು ಅವರ ಕಡಪ, ಕರ್ನೂಲಿಗೆ ಗೌರವದಿಂದ ಕಳಿಸಿಕೊಡಿ. ಆ ಜಾಗದಲ್ಲಿ ದನಗಾಹಿಯ ಕಥೆಯನ್ನೂ 1997ರ ತೀರ್ಪನ್ನೂ ನಾಲ್ಕು ಸಾಲಿನಲ್ಲಿ ಬರೆಯಿರಿ. ಬಸ್ಸಿನಲ್ಲಿ ಹೊರಗಿನಿಂದ ಕರೆದೊಯ್ಯುವ ಮಾರ್ಗದರ್ಶಿಯ ಬದಲು ಬೊರ್ರಾ ಹಳ್ಳಿಯವರನ್ನೇ ಗೊತ್ತುಮಾಡಿ. ಡಿಸೆಂಬರ್ ಪ್ರವಾಸದ ಸುತ್ತೋಲೆ ಇನ್ನೂ ಅಚ್ಚಿಗೆ ಹೋಗಿಲ್ಲವೆಂದು ತಿಳಿದುಬಂದಿದೆ.