ಒಲೆ ಯಾವುದಾದರೂ ಇರಲಿ, ಆಯ್ಕೆ ಅಡುಗೆ ಮಾಡುವವರದಾಗಲಿ

ಶಾಮನೂರಿನ ಸುತ್ತಮುತ್ತ ಹೊಸ ಮನೆಗಳು ಏಳುತ್ತಲೇ ಇವೆ. ಆಜಾದ್ ನಗರ, ಬಾಷಾ ನಗರದಂಥ ಹಳೆಯ ಬಡಾವಣೆಗಳಲ್ಲೂ ಇದ್ದ ಮನೆಯನ್ನು ರಿಪೇರಿ ಮಾಡಿಸಿ ಅಡುಗೆಮನೆ ಹೊಸದು ಮಾಡಿಸುವವರಿದ್ದಾರೆ. ಕೆಲಸ ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಯಾವ ಒಲೆ ತರೋಣ? ಕಟ್ಟೆಯ ಮೇಲೆ ಇಡುವ ಮಾಮೂಲಿ ಗ್ಯಾಸ್ ಸ್ಟೌ ಸಾಕೇ, ಗ್ರಾನೈಟ್ ಕೊರೆದು ಕೂರಿಸುವ ಹಾಬ್ ಬೇಕೇ, ಅಥವಾ ಕರೆಂಟಿನ ಇಂಡಕ್ಷನ್ನೇ?

ಇದನ್ನು ತೀರ್ಮಾನಿಸುವವರು ಯಾರು ಎಂದು ಗಮನಿಸಿದ್ದೀರಾ? ಹಣ ಕೊಡುವ ಅಬ್ಬಾ, ಅಡುಗೆಮನೆಯ ಕಪಾಟು ಮಾಡಿಕೊಡುವ ಇಂಟೀರಿಯರ್ ಕೆಲಸದವರು, ಮೊಬೈಲ್‌ನಲ್ಲಿ ವಿಡಿಯೊ ನೋಡಿ ಸಲಹೆ ಕೊಡುವ ನಾವು ಮಕ್ಕಳು. ದಿನಕ್ಕೆ ಮೂರು ಹೊತ್ತು ಆ ಒಲೆಯ ಮುಂದೆ ನಿಲ್ಲುವ ಅಮ್ಮಿಯನ್ನು ಕೊನೆಗೆ ಅಂಗಡಿಗೆ ಕರೆದುಕೊಂಡು ಹೋಗಿ, 'ಕಪ್ಪು ಗಾಜಿನದ್ದು ಚೆನ್ನಾಗಿದೆ ಅಲ್ವಾ?' ಎಂದು ಕೇಳುತ್ತೇವೆ. ಇದು ತಿರುಗುಮುರುಗಾಗಿದೆ ಎಂಬುದು ನನ್ನ ಅಭಿಪ್ರಾಯ. ಒಲೆಯನ್ನು ಅಡುಗೆ ಮಾಡುವವರೇ ಆರಿಸಬೇಕು. ಲೆಕ್ಕ ಹಾಕಿಕೊಡುವುದು, ಪ್ಲಗ್ ಮತ್ತು ವೈರಿಂಗ್ ಪರೀಕ್ಷಿಸಿಕೊಡುವುದು ಉಳಿದವರ ಕೆಲಸ.

ಒಲೆ ಸಣ್ಣ ವಿಷಯ ಎನ್ನುವವರಿಗೆ ಒಂದು ಮಾತು. ಕಟ್ಟಿಗೆ, ಬೆರಣಿ, ಇದ್ದಿಲು, ಸೀಮೆಎಣ್ಣೆಯಿಂದ ಮನೆಯೊಳಗೆ ತುಂಬುವ ಹೊಗೆಯ ಕಾರಣಕ್ಕೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆ ಹೊಗೆಯನ್ನು ಹೆಚ್ಚು ಕುಡಿಯುವವರು ಹೆಂಗಸರು ಮತ್ತು ಅವರ ಸೆರಗು ಹಿಡಿದು ಕೂರುವ ಚಿಕ್ಕ ಮಕ್ಕಳು. ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಚಿಮಣಿಯಿರುವ 'ಅಸ್ತ್ರ ಒಲೆ'ಯನ್ನು ರೂಪಿಸಿದರು. ಅದಕ್ಕೇ 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಶುರುವಾಗಿ ಬಡ ಮನೆಗಳಿಗೆ ಹೆಣ್ಣುಮಕ್ಕಳ ಹೆಸರಿನಲ್ಲಿಯೇ ಗ್ಯಾಸ್ ಸಂಪರ್ಕ ಬಂತು. ನಮ್ಮ ಊರಿನ ಮಂಡಕ್ಕಿ ಭಟ್ಟಿಗಳ ಪಕ್ಕದಲ್ಲಿ ಓಡಾಡಿದವರಿಗೆ ಹೊಗೆ ಎಂದರೇನು ಎಂದು ಬೇರೆ ಹೇಳಬೇಕಿಲ್ಲ. ಬೆಣ್ಣೆ ದೋಸೆಗೆ ಕಟ್ಟಿಗೆಯ ಒಲೆಯೇ ಸೈ ಎಂದು ನಾವು ಹೊಗಳುತ್ತೇವೆ, ತಪ್ಪಿಲ್ಲ. ಆದರೆ ದೋಸೆಗೆ ಬಂದ ರುಚಿಯನ್ನು ನೆನೆಯುವಾಗ ಕಾವಲಿಯ ಹಿಂದೆ ನಿಂತವರ ಕಣ್ಣುಗಳನ್ನೂ ನೆನೆಯಬೇಕು.

ಈಗ ನಮ್ಮ ಮುಂದಿರುವ ಒಲೆಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಮಾಮೂಲಿ ಗ್ಯಾಸ್ ಸ್ಟೌ. ಸ್ಟೀಲಿನ ಮೈ, ಹಿತ್ತಾಳೆ ಬರ್ನರ್, ಎರಡು ಅಥವಾ ಮೂರು ಒಲೆ. ನೋಡಲು ವಿಶೇಷವೇನೂ ಇಲ್ಲ. ಆದರೆ ಹಾಲು ಉಕ್ಕಿ ಚೆಲ್ಲಿದರೆ ಎತ್ತಿ ಅಡಿಯಲ್ಲಿ ಒರೆಸಬಹುದು, ಬರ್ನರ್ ಕಟ್ಟಿಕೊಂಡರೆ ಬಿಚ್ಚಿ ತೊಳೆಯಬಹುದು, ಮನೆ ಬದಲಿಸಿದರೆ ಜೊತೆಗೆ ಒಯ್ಯಬಹುದು. ಬಾಡಿಗೆ ಮನೆಯಲ್ಲಿರುವವರಿಗೆ ಈ ಕೊನೆಯ ಅನುಕೂಲ ಬಹಳ ದೊಡ್ಡದು, ಏಕೆಂದರೆ ಮಾಲೀಕರ ಗ್ರಾನೈಟ್ ಕೊರೆಯಲು ಯಾರೂ ಬಿಡುವುದಿಲ್ಲ.

ಹಾಬ್ ಎಂದರೆ ಅದೇ ಗ್ಯಾಸ್ ಒಲೆ, ಕಟ್ಟೆಯೊಳಗೆ ಕೂತಿರುತ್ತದೆ. ಕಟ್ಟೆ ಸಪಾಟಾಗಿ ಕಾಣುತ್ತದೆ, ಪೈಪು ಕಣ್ಣಿಗೆ ಬೀಳುವುದಿಲ್ಲ. ಬೆಂಕಿ ಆರಿದರೆ ಗ್ಯಾಸ್ ತಾನಾಗಿಯೇ ನಿಲ್ಲುವ ವ್ಯವಸ್ಥೆ ಕೆಲವು ಹಾಬ್‌ಗಳಲ್ಲಿದೆ. ಅದು ನಿಜಕ್ಕೂ ಒಳ್ಳೆಯದು, ಹಾಬ್ ಕೊಳ್ಳುವುದಾದರೆ ಅದಿರುವುದನ್ನೇ ಕೊಳ್ಳಬೇಕು. ಆದರೆ ನಾಲ್ಕು ಬರ್ನರ್ ಇದೆ ಎಂದಾಕ್ಷಣ ನಾಲ್ಕು ದೊಡ್ಡ ಪಾತ್ರೆ ಇಡಬಹುದು ಎಂದುಕೊಳ್ಳಬೇಡಿ. ಹತ್ತಿಪ್ಪತ್ತು ಜನರಿಗೆ ಬಿರಿಯಾನಿ ಮಾಡುವ ದೇಗ್ಚಿ ಒಂದನ್ನು ಇಟ್ಟರೆ ಪಕ್ಕದ ಬರ್ನರ್ ಮುಚ್ಚಿಹೋಗುತ್ತದೆ. ಗಾಜಿನ ಮೇಲ್ಮೈಯಾದರೆ ಭಾರದ ಪಾತ್ರೆ ಅಂಚಿಗೆ ಬಡಿದಾಗ ಅಥವಾ ಕಾದ ಗಾಜಿಗೆ ತಣ್ಣೀರು ಬಿದ್ದಾಗ ಒಡೆಯುವ ಅಪಾಯವಿದೆ. ರಿಪೇರಿಗೆ ಕಂಪನಿಯ ಮನುಷ್ಯನೇ ಬರಬೇಕು. ಈದ್ ಹಿಂದಿನ ರಾತ್ರಿ ಒಲೆ ಕೈಕೊಟ್ಟರೆ ಏನು ಗತಿ ಎಂದು ಮೊದಲೇ ಯೋಚಿಸಬೇಕು.

ಇಂಡಕ್ಷನ್ ನಮ್ಮ ಪಿಯುಸಿ ಭೌತಶಾಸ್ತ್ರದ ಪಾಠವೇ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಇಲ್ಲಿ ಅನ್ನ ಬೇಯಿಸುತ್ತದೆ. ಗಾಜಿನ ಕೆಳಗಿನ ತಾಮ್ರದ ಸುರುಳಿಯಲ್ಲಿ ವಿದ್ಯುತ್ ವೇಗವಾಗಿ ದಿಕ್ಕು ಬದಲಿಸುತ್ತದೆ, ಅದರ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ವಿದ್ಯುತ್ ಹುಟ್ಟಿಸುತ್ತದೆ, ತಳ ತಾನೇ ಕಾಯುತ್ತದೆ. ಹಾಗಾಗಿ ಶಾಖ ಹೊರಗೆ ಪೋಲಾಗುವುದು ಕಡಿಮೆ, ಅಡುಗೆಮನೆಯೂ ಕಾವೇರುವುದಿಲ್ಲ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಇದು ಸಣ್ಣ ಉಪಕಾರವಲ್ಲ. ಸೆಹ್ರಿಯ ಹೊತ್ತಿಗೆ ಹಾಲು ಕಾಯಿಸಲು, ಸಾರು ಬಿಸಿ ಮಾಡಲು ಇದರಷ್ಟು ಸಲೀಸು ಬೇರೊಂದಿಲ್ಲ. ಆದರೆ ಅಯಸ್ಕಾಂತ ಅಂಟುವ ತಳ ಇರಬೇಕು. ಅಲ್ಯೂಮಿನಿಯಂ ದೇಗ್ಚಿ, ತಾಮ್ರದ ಹಂಡೆ, ಮಣ್ಣಿನ ಗಡಿಗೆ ಇದರ ಮೇಲೆ ಕಾಯುವುದಿಲ್ಲ. ತಳ ಗುಂಡಗಿದ್ದರೂ ಪ್ರಯೋಜನವಿಲ್ಲ. ಕೊಳ್ಳುವ ಮೊದಲು ಒಂದು ಅಯಸ್ಕಾಂತದ ತುಂಡು ಹಿಡಿದು ಮನೆಯ ಪಾತ್ರೆಗಳ ತಳಕ್ಕೆ ತಾಗಿಸಿ ನೋಡಿ. ಎಷ್ಟಕ್ಕೆ ಅಂಟಿತೋ ಅಷ್ಟೇ ನಿಮ್ಮ ಇಂಡಕ್ಷನ್ ಅಡುಗೆ.

ಇನ್ನೊಂದು ಇನ್‌ಫ್ರಾರೆಡ್ ಒಲೆ. ನೋಡಲು ಇಂಡಕ್ಷನ್‌ನಂತೆಯೇ ಇದ್ದರೂ ಒಳಗೆ ತಂತಿ ಕೆಂಪಗೆ ಕಾದು ಗಾಜಿನ ಮೂಲಕ ಪಾತ್ರೆಗೆ ಬಿಸಿ ಕೊಡುತ್ತದೆ. ತಳ ಸಪಾಟಾಗಿದ್ದರೆ ಯಾವ ಲೋಹದ ಪಾತ್ರೆಯಾದರೂ ನಡೆಯುತ್ತದೆ. ಆದರೆ ನಿಧಾನ, ಕರೆಂಟ್ ಹೆಚ್ಚು ಬೇಕು, ಆರಿಸಿದ ಮೇಲೂ ಗಾಜು ಬಹಳ ಹೊತ್ತು ಸುಡುತ್ತಿರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ನೆನಪಿಡಬೇಕು.

ಅಂಗಡಿಯವರು ಹೇಳದ ವಿಷಯವೊಂದಿದೆ: ನಮ್ಮ ಮನೆಯ ಅಡುಗೆ ಯಾವುದು? ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಬೆಂಕಿಯ ಮೇಲೆ ಉಬ್ಬಿಸಲು ಜ್ವಾಲೆ ಬೇಕು, ಇಂಡಕ್ಷನ್‌ನಲ್ಲಿ ಅದಿಲ್ಲ. ರಾಗಿ ಮುದ್ದೆ ತಿರುವುವಾಗ ಪಾತ್ರೆ ಅಲುಗದಂತೆ ಗಟ್ಟಿಯಾಗಿ ಹಿಡಿಯಬೇಕು, ನುಣುಪು ಗಾಜಿನ ಮೇಲೆ ಅದು ಜಾರುತ್ತದೆ. ಬದನೆಕಾಯಿ ಸುಡಬೇಕೆಂದರೂ ಬೆಂಕಿಯೇ ಬೇಕು. ಅನ್ನ, ಬೇಳೆ, ಚಹಾ, ಮೊಟ್ಟೆ, ಬಿಸಿನೀರು ಇಷ್ಟಕ್ಕೆ ಕರೆಂಟಿನ ಒಲೆ ಧಾರಾಳವಾಗಿ ಸಾಕು. ಈ ಪಟ್ಟಿ ಅಬ್ಬಾನಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ. ಅಮ್ಮಿಗೆ ಗೊತ್ತು, ದಾದಿಗೆ ಗೊತ್ತು.

ಇನ್ನು ಹಣದ ಲೆಕ್ಕ. ಇದನ್ನು ನಾವು ವಿದ್ಯಾರ್ಥಿಗಳೇ ಕೂತು ಮಾಡಬಹುದು. ಗೃಹಬಳಕೆಯ ಸಿಲಿಂಡರ್‌ನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ. ಅದರ ಶಾಖವನ್ನು ವಿದ್ಯುತ್ತಿನ ಲೆಕ್ಕಕ್ಕೆ ತಂದರೆ ಸುಮಾರು 180 ಯೂನಿಟ್. ಭಾರತೀಯ ಮಾನಕದ ಪ್ರಕಾರ ಗ್ಯಾಸ್ ಸ್ಟೌ ಕನಿಷ್ಠ ಶೇ 68ರಷ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸಬೇಕು. ಅಂದರೆ ಪಾತ್ರೆಗೆ ಸೇರುವುದು ಸುಮಾರು 122 ಯೂನಿಟ್. ಇಂಡಕ್ಷನ್ ಶೇ 85ರ ಆಸುಪಾಸಿನಲ್ಲಿ ಮುಟ್ಟಿಸುತ್ತದೆ ಎಂದುಕೊಂಡರೆ, ಒಂದು ಸಿಲಿಂಡರ್‌ನ ಅಡುಗೆಗೆ ಸುಮಾರು 145 ಯೂನಿಟ್ ಕರೆಂಟ್ ಬೇಕು. 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿದ ಮೇಲೆ ಸಿಲಿಂಡರ್ ದರ ದೆಹಲಿಯಲ್ಲಿ 853 ರೂಪಾಯಿ ಆಯಿತು. ಲೆಕ್ಕಕ್ಕೆ ಸಿಲಿಂಡರ್ 850, ಕರೆಂಟ್ ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಳ್ಳೋಣ. 145 ಯೂನಿಟ್‌ಗೆ 870 ರೂಪಾಯಿ. ಹೆಚ್ಚುಕಡಿಮೆ ಸಮ! 'ಇಂಡಕ್ಷನ್ ಹಾಕಿಸಿ, ಗ್ಯಾಸ್ ಹಣ ಅರ್ಧ ಉಳಿಯುತ್ತೆ' ಎನ್ನುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಉಜ್ವಲಾ ಮನೆಗಳಿಗೆ ಸಿಲಿಂಡರ್‌ಗೆ 300 ರೂಪಾಯಿ ಸಹಾಯಧನ ಸಿಗುತ್ತಿದ್ದರೆ ಗ್ಯಾಸೇ ಅಗ್ಗ.

ಕರ್ನಾಟಕದಲ್ಲಿ ಇನ್ನೊಂದು ಗಂಟಿದೆ, ಗೃಹಜ್ಯೋತಿ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಯೂನಿಟ್‌ವರೆಗೂ ಎಲ್ಲರಿಗೂ ಉಚಿತ ಎಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯವಾಗಿ ಉಚಿತವಾಗಿ ಸಿಗುವುದು ಆ ಮನೆಯ 2022-23ರ ತಿಂಗಳ ಸರಾಸರಿ ಮತ್ತು ಅದರ ಮೇಲೆ ಶೇ 10 ಮಾತ್ರ. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಒಂದು ಸಿಲಿಂಡರ್ 40 ದಿನ ಬರುವ ಮನೆಯಲ್ಲಿ ಅರ್ಧ ಅಡುಗೆಯನ್ನು ಇಂಡಕ್ಷನ್‌ಗೆ ಬದಲಿಸಿದರೆ ತಿಂಗಳಿಗೆ ಸುಮಾರು 55 ಯೂನಿಟ್ ಸೇರುತ್ತದೆ, ಸುಮಾರು 320 ರೂಪಾಯಿಯ ಗ್ಯಾಸ್ ಉಳಿಯುತ್ತದೆ. ಸರಾಸರಿ 120 ಯೂನಿಟ್ ಇದ್ದ ಮನೆಗೆ 132 ಉಚಿತ. ಬಳಕೆ 175 ಆದರೆ 43 ಯೂನಿಟ್‌ಗೆ ಸುಮಾರು 260 ರೂಪಾಯಿ. ತಿಂಗಳಿಗೆ 60 ರೂಪಾಯಿ ಉಳಿತಾಯ, ಪರವಾಗಿಲ್ಲ. ಆದರೆ ಸರಾಸರಿ 150 ಇದ್ದ ಮನೆಯಲ್ಲಿ ಬಳಕೆ 205 ಆಗುತ್ತದೆ. 200 ದಾಟಿದ ಆ ಐದು ಯೂನಿಟ್‌ಗಾಗಿ 1,230 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ ಬೇರೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಬೆಸ್ಕಾಂ ಬಿಲ್ ತೆಗೆದು ನೋಡಿ.

ಸುರಕ್ಷತೆಯ ಮಾತೂ ಇದೆ. 2000 ವ್ಯಾಟ್ ಇಂಡಕ್ಷನ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ 6 ಆಂಪಿಯರ್ ಪ್ಲಗ್‌ಗೆ ಅದನ್ನು ಸಿಕ್ಕಿಸಿದರೆ ಪ್ಲಗ್, ವೈರ್ ಕಾದು ಕರಗುವ ಅಪಾಯವಿದೆ. 16 ಆಂಪಿಯರ್‌ನ ದಪ್ಪ ಪ್ಲಗ್, ಸರಿಯಾದ ಅರ್ಥಿಂಗ್ ಇರಬೇಕು. ಹಳೆಯ ಸಣ್ಣ ಮನೆಯಾದರೆ ಮೀಟರ್‌ಗೆ ಮಂಜೂರಾದ ಲೋಡ್ ಎಷ್ಟು ಎಂದೂ ನೋಡಬೇಕು. ಕರೆಂಟ್ ಹೋದರೆ ಮನೆಯ ಸಾಮಾನ್ಯ ಇನ್ವರ್ಟರ್ ಇದನ್ನು ಓಡಿಸುವುದಿಲ್ಲ. ಗ್ಯಾಸ್‌ಗೂ ತನ್ನ ನಿಯಮಗಳಿವೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಹಾಬ್ ಹಾಕಿಸಿ ಸಿಲಿಂಡರನ್ನು ಮುಚ್ಚಿದ ಕಪಾಟಿನಲ್ಲಿ ಬಚ್ಚಿಡುವವರು ಕಪಾಟಿನ ಕೆಳಭಾಗದಲ್ಲಿ ಗಾಳಿಗೆ ಕಿಂಡಿ ಬಿಡಿಸಲೇಬೇಕು. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸೋರಿಕೆಯ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ಇಂದೇ ಅಡುಗೆಮನೆಯ ಗೋಡೆಗೆ ಅಂಟಿಸಿ.

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳು ಪೈಪ್ ಗ್ಯಾಸ್ ಯೋಜನೆಗೂ ಸೇರಿವೆ. ಸಿಲಿಂಡರ್ ಗ್ಯಾಸ್ ಮತ್ತು ಪೈಪ್ ಗ್ಯಾಸ್ ಒಂದೇ ಅಲ್ಲ, ಒಂದಕ್ಕೆ ಮಾಡಿದ ಒಲೆಯ ಜೆಟ್ ಇನ್ನೊಂದಕ್ಕೆ ಹೊಂದುವುದಿಲ್ಲ. ದುಬಾರಿ ಹಾಬ್ ಕೊಳ್ಳುವವರು 'ಮುಂದೆ ಪೈಪ್ ಗ್ಯಾಸ್ ಬಂದರೆ ಇದನ್ನು ಬದಲಿಸಿಕೊಡುತ್ತೀರಾ?' ಎಂದು ಬಿಲ್ ಮಾಡಿಸುವ ಮೊದಲೇ ಕೇಳಬೇಕು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸುವುದು ಇದು: ನಮ್ಮಂಥ ಬಹುಪಾಲು ಮನೆಗಳಿಗೆ ಐಎಸ್‌ಐ ಗುರುತಿನ ಗಟ್ಟಿ ಸ್ಟೀಲ್ ಗ್ಯಾಸ್ ಸ್ಟೌ ಒಂದು, ಸಾಧ್ಯವಾದರೆ ಪಕ್ಕದಲ್ಲಿ ಚಿಕ್ಕ ಇಂಡಕ್ಷನ್ ಒಂದು ಸಾಕು. ಸಿಲಿಂಡರ್ ಮುಗಿದ ದಿನ ಅದು, ಕರೆಂಟ್ ಹೋದ ದಿನ ಇದು. ಹಾಬ್‌ಗೆ ಇಟ್ಟ ಹಣದಲ್ಲಿ ಮೊದಲು ಒಂದು ಎಗ್ಸಾಸ್ಟ್ ಫ್ಯಾನ್, ಒಂದು ಒಳ್ಳೆಯ ಪ್ಲಗ್ ಪಾಯಿಂಟ್ ಹಾಕಿಸಿದರೆ ಅಡುಗೆ ಮಾಡುವವರ ಉಸಿರು ಹಗುರವಾಗುತ್ತದೆ. ನೆಂಟರು ನೋಡಲಿ ಎಂದು ಖರ್ಚು ಮಾಡುವುದು ಇಸ್ರಾಫ್ ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಅಡುಗೆಮನೆಗೂ ಅದು ಅನ್ವಯಿಸುತ್ತದೆ.

ಆದರೆ ಇದು ನನ್ನ ಅಭಿಪ್ರಾಯ ಮಾತ್ರ. ನಿಮ್ಮ ಮನೆಯ ಅಮ್ಮಿ ಎಲ್ಲ ಲೆಕ್ಕ ಕೇಳಿದ ಮೇಲೂ 'ನನಗೆ ಹಾಬೇ ಬೇಕು, ಬಗ್ಗಿ ಒರೆಸಿ ಒರೆಸಿ ಸೊಂಟ ಹೋಗಿದೆ' ಎಂದರೆ ಅವರ ಮಾತೇ ನಡೆಯಬೇಕು. ಆ ಸೊಂಟನೋವಿನ ಲೆಕ್ಕ ನಮ್ಮ ಯೂನಿಟ್‌ಗಳಲ್ಲಿ ಬಂದಿಲ್ಲ.

ಪ್ರವಾದಿ ಮುಹಮ್ಮದ್(ಸ) ಅವರು ಮನೆಯಲ್ಲಿದ್ದಾಗ ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರೆಂದು ಹಜರತ್ ಆಯಿಷಾ(ರ) ಅವರು ತಿಳಿಸಿದ್ದಾರೆ. ಇದನ್ನು ಕೇಳಿ ತಲೆದೂಗುವ ಗೆಳೆಯರಿಗೆ ಒಂದು ಕೋರಿಕೆ. ಈ ಭಾನುವಾರ ಒಂದು ಹೊತ್ತಿನ ಅಡುಗೆ ನೀವು ಮಾಡಿ, ಬರ್ನರ್ ಬಿಚ್ಚಿ ತೊಳೆದಿಡಿ. ಆಮೇಲೆ ಅಂಗಡಿಗೆ ಹೋದಾಗ ಬಣ್ಣದ ಬಗ್ಗೆ ಮಾತಾಡುವ ಬದಲು 'ಇದನ್ನು ಬಿಚ್ಚಿ ತೊಳೆಯೋದು ಹೇಗೆ?' ಎಂದು ಕೇಳುವವರು ನೀವೇ ಆಗಿರುತ್ತೀರಿ.