ಬೆಲೆ ಹೇಳುವ ಹಕ್ಕು

ನಿಪ್ಪಾಣಿಯ ಚಹಾ ಅಂಗಡಿಯಲ್ಲಿ ಹತ್ತು ರೂಪಾಯಿ ಫೋನ್ ಪೇ ಮಾಡಿದರೆ, ಗ್ಲಾಸು ಕೈಗೆ ಬರುವುದರೊಳಗೆ ಸೌಂಡ್ ಬಾಕ್ಸ್ ಕೂಗಿ ಹೇಳುತ್ತದೆ. ಅದೇ ಊರಿನ ತಂಬಾಕು ದರ, ಬೀಡಿ ಕಟ್ಟುವ ಹೆಣ್ಣುಮಕ್ಕಳ ಮಜೂರಿ, ಕರ್ನಾಟಕ–ಮಹಾರಾಷ್ಟ್ರ ಗಡಿ ತಕರಾರಿನ ಬಗ್ಗೆ ಬರೆಯುವ ಸಣ್ಣ ಸುದ್ದಿತಾಣಕ್ಕೆ ಮಾತ್ರ ಓದುಗನಿಂದ ಒಂದು ರೂಪಾಯಿ ಪಡೆಯುವ ಸಲೀಸಾದ ದಾರಿಯಿಲ್ಲ. ಖಾತೆ ತೆರೆಯಿರಿ, ನಂಬರ್ ಕೊಡಿ, ವರ್ಷದ ಚಂದಾ ಕಟ್ಟಿ ಎಂದರೆ ಓದುಗ ಎದ್ದು ಹೋಗುತ್ತಾನೆ. ಉಳಿಯುವುದು ಜಾಹೀರಾತು. ಅದರ ದರ ಗೊತ್ತುಮಾಡುವುದು ಎಲ್ಲೋ ಕೂತ ಕಂಪನಿ, ಬರೆದವರಲ್ಲ.

ತನ್ನ ಮಾಲಿಗೆ ತಾನೇ ಬೆಲೆ ಹೇಳಲಾಗದ ಸಂಕಟವನ್ನು ಈ ಊರಿಗೆ ಯಾರೂ ಕಲಿಸಬೇಕಿಲ್ಲ. 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ರೈತರು ನ್ಯಾಯದ ಬೆಲೆ ಕೇಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ಕೂತರು. ಗೋಲಿಬಾರಿನಲ್ಲಿ ಜೀವ ಕಳೆದುಕೊಂಡವರಿದ್ದಾರೆ.

ವೆಬ್ಬಿನಲ್ಲಿ ಬೆಲೆ ಹೇಳಲು ಒಂದು ಸಂಖ್ಯೆಯೇ ಇದೆ. ‘ಪುಟ ಸಿಗಲಿಲ್ಲ’ ಎನ್ನುವ 404 ಎಲ್ಲರಿಗೂ ಗೊತ್ತು. ‘ಹಣ ಕೊಡಬೇಕು’ ಎನ್ನುವ 402 ಅನ್ನು 1997ರ ಎಚ್‌ಟಿಟಿಪಿ 1.1 ನಿಯಮದಲ್ಲಿ ಮುಂದೆಂದಾದರೂ ಬೇಕಾದೀತೆಂದು ಕಾದಿರಿಸಿ ಹಾಗೆಯೇ ಬಿಟ್ಟರು. 2025ರಲ್ಲಿ ಅಮೆರಿಕದ ಕ್ರಿಪ್ಟೊ ಕಂಪನಿ ಕಾಯಿನ್‌ಬೇಸ್ ಅದಕ್ಕೆ ಎಕ್ಸ್402 ಎಂಬ ರೂಪ ಕೊಟ್ಟಿತು. ಪುಟ ಕೇಳಿದಾಗ ಸರ್ವರ್ ಬೆಲೆ ಹೇಳುತ್ತದೆ. ಓದುಗನ ಆ್ಯಪ್ ಹಣದ ಪುರಾವೆ ಲಗತ್ತಿಸಿ ಮತ್ತೊಮ್ಮೆ ಕೇಳುತ್ತದೆ. ಪರೀಕ್ಷಿಸಿ ಸರ್ವರ್ ಪುಟ ಬಿಡುತ್ತದೆ. ಖಾತೆ, ಪಾಸ್‌ವರ್ಡ್ ಯಾವುದೂ ಬೇಡ.

ಆದರೆ ಎಕ್ಸ್402 ನಡೆಯುವುದು ಮುಖ್ಯವಾಗಿ ಡಾಲರಿಗೆ ಕಟ್ಟಿದ ಕ್ರಿಪ್ಟೊ ನಾಣ್ಯದಲ್ಲಿ. ನಮ್ಮಲ್ಲಿ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ. ಒಂದು ರೂಪಾಯಿಯ ಲೇಖನ ಓದಲು ಆ ಉಸಾಬರಿ ಯಾಕೆ? ಪಿನ್ ಒತ್ತದೆ ಸಣ್ಣ ಮೊತ್ತ ಕೊಡುವ ಯುಪಿಐ ಲೈಟ್ 2022ರಿಂದಲೇ ಇದೆ. ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿಗಳು ಎಂಡಿಆರ್ ಶುಲ್ಕ ಕೊಡಬೇಕಿಲ್ಲ. 402ರ ಉತ್ತರದಲ್ಲೇ ರೂಪಾಯಿ ಬೆಲೆ ಹೇಳುವ ಮುಕ್ತ ವಿಧಾನವನ್ನು ಯುಪಿಐ ನಡೆಸುವ ಎನ್‌ಪಿಸಿಐ ರೂಪಿಸಬೇಕು. ದೊಡ್ಡ ಪತ್ರಿಕೆಗಳಿಗೆ ಮಾತ್ರವಲ್ಲ, ತಾಲೂಕಿನ ಪತ್ರಕರ್ತನಿಗೂ ದಕ್ಕುವಂತೆ.

ಇದನ್ನು ಅಳವಡಿಸುವ ಹುಡುಗರಿಗೆ ಒಂದು ಮಾತು. ‘ಹಣ ಹೋಯಿತು’ ಎಂದು ಓದುಗನ ಫೋನ್ ಹೇಳಿದ್ದನ್ನೇ ನಂಬಬೇಡಿ, ಸರ್ವರ್ ತಾನೇ ಖಾತ್ರಿ ಮಾಡಿಕೊಳ್ಳಲಿ. ಒಬ್ಬರ ರಸೀದಿ ತೋರಿಸಿ ಹತ್ತು ಮಂದಿ ಓದುವಂತಾಗಬಾರದು. ಹಾಗೆಯೇ ಹಣ ಕಟ್ ಆಗಿ, ನೆಟ್‌ವರ್ಕ್ ಹೋಗಿ, ಪುಟ ತೆರೆಯದಿದ್ದರೆ ಅದೇ ಪಾವತಿಯ ಮೇಲೆ ಮತ್ತೆ ತೆರೆಯಬೇಕು, ಎರಡನೇ ಸಲ ಹಣ ಕೇಳಬಾರದು. ಆ ಹೊತ್ತಿನಲ್ಲಿ ಪರದೆಯ ಮೇಲೆ ಬರುವ ಸೂಚನೆ ನಿಪ್ಪಾಣಿಯಲ್ಲಿ ಕನ್ನಡದಲ್ಲೂ ಇರಲಿ, ಮರಾಠಿಯಲ್ಲೂ ಇರಲಿ.